ಉತಾರವಿಲ್ಲದವನ ಮಾತಿಗೆ ಬೆಲೆಯಿಲ್ಲವೆ?

ನಿಪ್ಪಾಣಿಯ ತಂಬಾಕಿನ ವಖಾರಿಯೊಂದರಲ್ಲಿ ಹಮಾಲಿ ಮಾಡುವ ಒಬ್ಬಾತ ಜಗಳದ ಪ್ರಕರಣದಲ್ಲಿ ಸಿಕ್ಕಿಬಿದ್ದ. ತಪ್ಪು ಅವನದೋ ಎದುರಿನವನದೋ ಎಂಬುದು ವಿಚಾರಣೆಯಲ್ಲಿ ತೀರಬೇಕಾದ ಮಾತು. ನಾವದನ್ನು ಇಲ್ಲಿ ಎತ್ತುವುದಿಲ್ಲ. ಹನ್ನೊಂದನೆಯ ದಿನ ಕೋರ್ಟು ಜಾಮೀನು ಮಂಜೂರು ಮಾಡಿತು. 50,000 ರೂಪಾಯಿಯ ಮುಚ್ಚಳಿಕೆ, ಅಷ್ಟೇ ಮೊತ್ತಕ್ಕೆ ಒಬ್ಬ ಜಾಮೀನುದಾರ. ಆತನ ಹೆಂಡತಿ ಬೀಡಿ ಕಟ್ಟುವ ಹೆಣ್ಣುಮಗಳು. ಕಾಗಲ್ ತಾಲೂಕಿನಲ್ಲಿರುವ ತನ್ನ ಅಣ್ಣನನ್ನು ಮರುದಿನವೇ ಕರೆತಂದಳು. ಅಣ್ಣನ ಹೆಸರಿನಲ್ಲಿ ಎರಡು ಎಕರೆ ಹೊಲ, ಮೇಲೆ ಸಾಲವಿಲ್ಲ, ಸಾತ್‌ಬಾರಾ ಉತಾರ ಕೈಯಲ್ಲಿಯೇ ಇತ್ತು. ನಾವೂ ಜೊತೆಗಿದ್ದೆವು. ಗುಮಾಸ್ತರು ಉತಾರವನ್ನು ಒಮ್ಮೆ ನೋಡಿ ಮಗುಚಿಟ್ಟು, "ಇದು ಮಹಾರಾಷ್ಟ್ರದ್ದೈತ್ರೀ, ಇಲ್ಲಿ ನಡ್ಯೂದಿಲ್ಲ. ಇಲ್ಲಿಯವರನ್ನ ಕರಕೊಂಡು ಬರ್ರಿ" ಎಂದರು.

ಹೊರಗೆ ಪಡಸಾಲೆಯಲ್ಲಿ ಬಿಳಿ ಅಂಗಿಯ ಒಬ್ಬ ಗೃಹಸ್ಥ ಕಾಯುತ್ತಲೇ ಇದ್ದ. "ಅಕ್ಕಾರ, ಐದು ಸಾವಿರ ಕೊಡ್ರಿ, ಸಂಜಿಗೆ ನಿಮ್ಮ ಯಜಮಾನ್ರು ಮನ್ಯಾಗಿರ್ತಾರ" ಎಂದ. ಆಕೆ ನಮ್ಮ ಕಡೆ ತಿರುಗಿ ಕೇಳಿದಳು: "ಮಾಸ್ತರ್ರ, ನಮ್ಮಣ್ಣನ ಹೊಲ ಹೊಲ ಅಲ್ಲೇನ್ರಿ?"

ಹದಿನಾಲ್ಕು ವರ್ಷ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳಿ ಬಂದ ನಮಗೆ ಆ ದಿನ ಉತ್ತರ ಹೊಳೆಯಲಿಲ್ಲ. ಆಕೆಯ ಕಿವಿಯ ಬೆಂಡೋಲೆ ಒತ್ತೆ ಬಿದ್ದು ಆತ ಹೊರಗೆ ಬರುವಷ್ಟರಲ್ಲಿ ಮತ್ತೆ ಇಪ್ಪತ್ತಮೂರು ದಿನ ಕಳೆದಿದ್ದವು. ಜಾಮೀನು ಸಿಕ್ಕ ಮೇಲೆ ಇಪ್ಪತ್ತಮೂರು ದಿನ! ಯಾವ ಕೋರ್ಟು ಎಂದು ನಾವು ಬರೆಯುವುದಿಲ್ಲ. ಬರೆದರೆ ಉಳಿದ ಕೋರ್ಟುಗಳವರು ತಾವು ಪಾರಾದೆವೆಂದು ತಿಳಿದಾರು. ಆ ಹೆಣ್ಣುಮಗಳ ಪ್ರಶ್ನೆಗೆ ಇಂದು ಉತ್ತರ ಬರೆಯಲು ಕುಳಿತಿದ್ದೇವೆ.

ಮೊದಲು ಒಂದು ಭ್ರಮೆಯನ್ನು ಕಳೆಯಬೇಕು. ಗಿರಣಿಯ ಬಾಗಿಲಲ್ಲಿ, ಚಹಾದಂಗಡಿಯಲ್ಲಿ, ಎಲ್ಲಿ ಕೇಳಿದರೂ ನಮ್ಮ ಜನ "ಜಾಮೀನೆಂದರೆ ರೊಕ್ಕ ಕಟ್ಟಿ ಬಿಡಿಸಿಕೊಂಡು ಬರುವುದು" ಎನ್ನುತ್ತಾರೆ. ಇದು ಸುಳ್ಳು. ಅಮೆರಿಕೆಯ ಸಂಸ್ಥಾನಗಳಲ್ಲಿ ಜಾಮೀನಿನ ಅಂಗಡಿ ತೆರೆದು, ನೂರಕ್ಕೆ ಹತ್ತರಂತೆ ದಲ್ಲಾಳಿ ತೆಗೆದುಕೊಂಡು ಬಿಡಿಸುವ ಪದ್ಧತಿ ಉಂಟು. ನಮ್ಮ ಕಾನೂನಿನಲ್ಲಿ ಅಂಥ ವ್ಯಾಪಾರಕ್ಕೆ ಎಡೆಯಿಲ್ಲ. ನಮ್ಮಲ್ಲಿ ಜಾಮೀನೆಂದರೆ ಒಂದು ಮಾತು. "ಕರೆದ ದಿನ ಕೋರ್ಟಿಗೆ ಬರುತ್ತೇನೆ, ಬರದಿದ್ದರೆ ಇಷ್ಟು ಹಣ ಸರಕಾರಕ್ಕೆ ಸಲ್ಲಿಸುತ್ತೇನೆ" ಎಂದು ಬರೆದುಕೊಡುವ ಮಾತು. ಆರೋಪಿ ತಾನೊಬ್ಬನೇ ಬರೆದುಕೊಟ್ಟರೆ ಅದು ಸ್ವಂತ ಮುಚ್ಚಳಿಕೆ. "ಇವನು ಬರುವಂತೆ ನಾನು ನೋಡಿಕೊಳ್ಳುತ್ತೇನೆ, ಬರದಿದ್ದರೆ ನಾನು ಕೊಡುತ್ತೇನೆ" ಎಂದು ಮತ್ತೊಬ್ಬ ಸಹಿ ಹಾಕಿದರೆ ಅದು ಜಾಮೀನು ಮುಚ್ಚಳಿಕೆ. ಬರೆದ ದಿನ ಕಟ್ಟಬೇಕಾದ ಹಣ ಒಂದು ಕಾಸೂ ಇಲ್ಲ. ಯಾರಾದರೂ ತಾವಾಗಿಯೇ ನಗದು ಇಡುತ್ತೇವೆಂದರೆ, ಜಾಮೀನುದಾರನ ಬದಲಿಗೆ ಠೇವಣಿ ಒಪ್ಪುವ ಅಧಿಕಾರ ಕೋರ್ಟಿಗೆ ಇದೆ. ಅದು ಬೇರೆ ಮಾತು.

1973ರ ದಂಡಪ್ರಕ್ರಿಯಾ ಸಂಹಿತೆ ಹೋಗಿ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಹೆಸರು ಬದಲಾಯಿತು, ಕಲಮುಗಳ ನಂಬರು ಬದಲಾದವು. ಹೊಸ ಸಂಹಿತೆಯ ಎರಡನೆಯ ಕಲಮಿನಲ್ಲಿಯೇ ಜಾಮೀನೆಂದರೆ ಸ್ವಂತ ಮುಚ್ಚಳಿಕೆಯ ಮೇಲೆ ಇಲ್ಲವೆ ಜಾಮೀನು ಮುಚ್ಚಳಿಕೆಯ ಮೇಲೆ ಬಿಡುಗಡೆ ಎಂದು ಬರೆದಿದ್ದಾರೆ. ಎರಡೂ ಸರಿಸಮ. ಹಾಗಿದ್ದರೆ ನಮ್ಮ ಕೋರ್ಟುಗಳಲ್ಲಿ ಮೊದಲನೆಯದು ಏಕೆ ಅಪರೂಪವಾಗಿ ಕಾಣುತ್ತದೆ? ಉತಾರವುಳ್ಳ ಜಾಮೀನುದಾರನನ್ನು ಕೇಳುವುದು ಕಾನೂನಿಗಿಂತ ಹೆಚ್ಚಾಗಿ ರೂಢಿಯಾಗಿದೆ. ಉತಾರ ಉಳ್ಳವನು ಮಾತು ಕೊಟ್ಟರೆ ಅದು ಮಾತು. ಇಲ್ಲದವನದು ಬರೀ ಗಾಳಿ.

ಈ ರೂಢಿ ಎಷ್ಟು ಹಳೆಯದೋ, ಅದರ ವಿರುದ್ಧದ ತೀರ್ಪೂ ಅಷ್ಟೇ ಹಳೆಯದು. 1978ರಲ್ಲಿ ಮಧ್ಯಪ್ರದೇಶದ ಮೋತಿರಾಮ ಎಂಬ ಗೌಂಡಿಯ ಪ್ರಕರಣ ಸುಪ್ರೀಂ ಕೋರ್ಟಿನ ಮುಂದೆ ಬಂತು. ಜಾಮೀನು ಸಿಕ್ಕಿತ್ತು. ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಜಾಮೀನುದಾರನನ್ನು ಕೇಳಿದರು. ತಮ್ಮನನ್ನು ತಂದರೆ, ಅವನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ತಿರಸ್ಕರಿಸಿದರು. ನ್ಯಾಯಮೂರ್ತಿ ವಿ. ಆರ್. ಕೃಷ್ಣಯ್ಯರ್ ಅವರು ಇದನ್ನು ಕಂಡು ಸಿಟ್ಟಾದರು. ಕನ್ನಡಿಗನೊಬ್ಬ, ಮಲೆಯಾಳಿಯೊಬ್ಬ, ತಮಿಳನೊಬ್ಬ ದೂರದ ಬಸ್ತಾರಿನಲ್ಲಿಯೋ ದಿಲ್ಲಿಯ ಚಾಂದನಿ ಚೌಕದಲ್ಲಿಯೋ ಸೆರೆಸಿಕ್ಕರೆ ಆ ಊರಿನಲ್ಲಿ ಆಸ್ತಿಯುಳ್ಳವನನ್ನು ಎಲ್ಲಿಂದ ತಂದಾನು ಎಂದು ತೀರ್ಪಿನಲ್ಲಿಯೇ ಕೇಳಿದರು. 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಗೌಂಡಿಯನ್ನು ಬಿಡಬೇಕೆಂದು ಆಜ್ಞೆ ಮಾಡಿದರು. ಮರುವರ್ಷ, 1979ರಲ್ಲಿ, ಹುಸೇನಾರಾ ಖಾತೂನ್ ಪ್ರಕರಣದಲ್ಲಿ ಬಿಹಾರದ ಜೈಲುಗಳ ಕಥೆ ಹೊರಬಿತ್ತು. ಶಿಕ್ಷೆಯಾಗಿದ್ದರೂ ಅಷ್ಟು ದಿನ ಇರಬೇಕಾಗಿರಲಿಲ್ಲ, ಅಷ್ಟು ವರ್ಷ ಬಡವರು ವಿಚಾರಣೆಯಿಲ್ಲದೆ ಬಿದ್ದಿದ್ದರು.

ನಲವತ್ತೈದು ವರ್ಷ ಕಳೆದ ಮೇಲೆ, 2023ರ ಜನವರಿ 31ರಂದು, ಅದೇ ಸುಪ್ರೀಂ ಕೋರ್ಟು ಅದೇ ಮಾತನ್ನು ಮತ್ತೊಮ್ಮೆ ಹೇಳಬೇಕಾಯಿತು. ಜಾಮೀನು ಮಂಜೂರಾದರೂ ಹೊರಬರಲಾಗದೆ ಉಳಿದವರು ದೇಶದಲ್ಲಿ ಸುಮಾರು 5,000 ಮಂದಿ ಎಂಬ ಲೆಕ್ಕ ಆಗ ಅದರ ಮುಂದಿತ್ತು. ಸ್ಥಳೀಯ ಜಾಮೀನುದಾರನೇ ಬೇಕೆಂದು ಹಟ ಹಿಡಿಯುವುದು ಬಿಡುಗಡೆ ತಡವಾಗಲು ಒಂದು ಕಾರಣ, ಅಂಥ ಷರತ್ತನ್ನು ಕೋರ್ಟುಗಳು ಹಾಕದಿರಲಿ ಎಂದು ಅದು ಬರೆಯಿತು. ಬರೆದ ಶಾಯಿ ಒಣಗಿತು. ನಮ್ಮ ಗುಮಾಸ್ತರ ಮೇಜಿನ ಮೇಲೆ ಉತಾರ ಮಾತ್ರ ಮಗುಚಿಕೊಂಡೇ ಇದೆ.

ಗಡಿಯ ತಾಲೂಕುಗಳ ನಮಗೆ ಈ ಹಟ ಎರಡು ಪಟ್ಟು ತಟ್ಟುತ್ತದೆ. ನಿಪ್ಪಾಣಿಯವನಿಗೆ ಕಾಗಲ್, ಗಡಹಿಂಗ್ಲಜ ಹೊರನಾಡೆ? ಬೋರಗಾವಿಯಿಂದ ಇಚಲಕರಂಜಿಯ ಮಗ್ಗಕ್ಕೆ ದಿನಾಲು ಹೋಗಿಬರುವ ಹುಡುಗನಿಗೆ ಗೆರೆ ಎಲ್ಲಿದೆ ಎಂದು ಗೊತ್ತಿರುತ್ತದೆಯೆ? ಕಾಗವಾಡದವರ ದವಾಖಾನೆ ಮಿರಜ, ಸಂತೆ ಸಾಂಗಲಿ. ಅಥಣಿಯ ಹೆಣ್ಣು ಜತ್ತಕ್ಕೆ, ಜತ್ತದ ಹೆಣ್ಣು ಅಥಣಿಗೆ. ಎರಡು ಕಡೆಯೂ ಕನ್ನಡವೇ. ರಾಯಬಾಗ ತಾಲೂಕಿನವರು ಕುಡಚಿಯಲ್ಲಿ ರೈಲು ಹತ್ತಿದರೆ ಇಳಿಯುವುದು ಮಿರಜಿನಲ್ಲಿ. ಬೀಗರು ಅಲ್ಲಿ, ಅಣ್ಣತಮ್ಮಂದಿರು ಅಲ್ಲಿ, ತವರು ಅಲ್ಲಿ. ಕಷ್ಟಕಾಲಕ್ಕೆ ಸಹಿ ಹಾಕಲು ಬರುವವರು ಅವರೇ. ಆದರೆ ನಿಪ್ಪಾಣಿಯವನಿಗೆ ಒಂದು ತಾಸಿನೊಳಗಿನ ಕಾಗಲಿನ ಉತಾರ ನಡೆಯುವುದಿಲ್ಲ. ಅದರ ಮೂರು ಪಟ್ಟಿಗೂ ಹೆಚ್ಚು ದೂರದ ಅಥಣಿಯ ಉತಾರ ನಡೆಯುತ್ತದೆ, ಆ ಹೊಲದ ಒಡೆಯ ಆರೋಪಿಯ ಮುಖವನ್ನೇ ಕಾಣದವನಾದರೂ ಸರಿ! ಜಾಮೀನುದಾರನೆಂದರೆ ಆರೋಪಿಯ ಮೇಲೆ ಹಿಡಿತವುಳ್ಳವನು, ಅವನನ್ನು ಕರೆತರಬಲ್ಲವನು ಎಂಬುದು ಇಡೀ ಏರ್ಪಾಡಿನ ತಳಹದಿ. ಹೆಂಡತಿಯ ಅಣ್ಣನಿಗಿಂತ ಹೆಚ್ಚು ಹಿಡಿತ ಯಾರಿಗಿದೆ? ಪಡಸಾಲೆಯ ಬಿಳಿ ಅಂಗಿಯವನಿಗೆಯೆ?

ಆಚೆ ದಡದ ಕೋರ್ಟುಗಳೂ ಹೀಗೆಯೇ. ಇಚಲಕರಂಜಿಯಲ್ಲಿ ಸೆರೆಸಿಕ್ಕ ಚಿಕ್ಕೋಡಿಯ ನೇಕಾರನಿಗೆ ಅಪ್ಪನ ಪಹಣಿ ಉಪಯೋಗಕ್ಕೆ ಬರುವುದಿಲ್ಲ. ಇನ್ನು ಹಂಗಾಮಿಗೆ ಬೀಡಿನಿಂದಲೋ ವಿಜಯಪುರದ ಕಡೆಯಿಂದಲೋ ಬಂದು, ಉಗಾರ, ರಾಯಬಾಗ, ಅಥಣಿಯ ಗಿರಣಿಗಳಿಗೆ ಕಬ್ಬು ಕಡಿಯುವ ಗ್ಯಾಂಗುಗಳವರ ಪಾಡನ್ನು ಕೇಳುವವರೇ ಇಲ್ಲ. ಅವರಿಗೆ ಇಲ್ಲಿ ಪರಿಚಯವಿರುವ ಒಬ್ಬನೇ ಒಬ್ಬ ಆಸ್ತಿವಂತನೆಂದರೆ ಅವರನ್ನು ಮುಂಗಡ ಕೊಟ್ಟು ಕರೆತಂದ ಮುಕಾದಮನ ಹಿಂದಿರುವ ಧಣಿ.

ಇಲ್ಲಿಯೇ ಈ ವಿಷಯದ ಬೇರು ಇದೆ. ಧಣಿ ಸಹಿ ಹಾಕುತ್ತಾನೆ, ಇಲ್ಲವೆನ್ನುವುದಿಲ್ಲ. ಆದರೆ ಆ ಸಹಿ ಮುಂದೆ ಹಲವು ವರ್ಷ ನಮ್ಮವನ ಬೆನ್ನ ಮೇಲೆ ಕುಳಿತಿರುತ್ತದೆ. ಕೂಲಿ ಹೆಚ್ಚಿಗೆ ಕೇಳಬೇಕೆಂದಾಗ ಆ ಸಹಿ ನೆನಪಾಗುತ್ತದೆ. ಸಂಘದ ಸಭೆಗೆ ಹೊರಟಾಗ "ಏನೋ ತಮ್ಮಾ, ನಾಳೆ ನನ್ನ ಸಹಿ ತೆಗೆಸಲೇನು?" ಎಂಬ ಮಾತು ಕೇಳುತ್ತದೆ. ಮುಷ್ಕರದಲ್ಲಿ ಹತ್ತು ಜನ ಸೆರೆಯಾದರೆ, ಆರು ಜನಕ್ಕೆ ಮಾಲಕನ ಕಡೆಯವರೇ ಜಾಮೀನು ನಿಂತು ಬಿಡಿಸುವುದುಂಟು. ಊರೆಲ್ಲ ಅವರ ಉದಾರತೆಯನ್ನು ಹೊಗಳುತ್ತದೆ. ಹೊರಬಂದ ಆರು ಜನ ಮರುದಿನ ಕೆಲಸಕ್ಕೆ ಹಾಜರು. ಒಳಗಿರುವ ನಾಲ್ವರ ಹೆಂಡಂದಿರು ಸಂಘದ ಬಾಗಿಲಲ್ಲಿ. ಲಾಠಿಯಿಂದ ಮುರಿಯದ ಮುಷ್ಕರ ಜಾಮೀನಿನ ಕಾಗದದಿಂದ ಮುರಿದದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ.

"ಜಾಮೀನುದಾರನಿಲ್ಲದೆ ಬಿಟ್ಟರೆ ಹೊಳೆ ದಾಟಿ ಓಡಿಹೋಗುತ್ತಾರೆ" ಎಂದು ಕೆಲವು ಅಂಗಡಿಕಾರ ಬಂಧುಗಳೂ ಹೇಳುತ್ತಾರೆ. ಓಡಿಹೋಗುವವರು ಯಾರು? ಹೆಂಡತಿ ಮಕ್ಕಳು, ರೇಶನ್ ಕಾರ್ಡು, ನಾಲ್ಕು ಗೋಡೆಯ ಮನೆ ಇಲ್ಲಿರುವ ಹಮಾಲಿ ಎಲ್ಲಿಗೆ ಓಡಿಯಾನು? ಬೆಂಗಳೂರಿನ ವಿಜಯ್ ಮಲ್ಯ 2016ರ ಮಾರ್ಚಿನಲ್ಲಿ ವಿಮಾನ ಹತ್ತಿ ಲಂಡನ್ ಸೇರಿದರು. 2019ರಲ್ಲಿ ಮುಂಬಯಿ ಕೋರ್ಟು ಅವರನ್ನು ದೇಶಭ್ರಷ್ಟ ಆರ್ಥಿಕ ಅಪರಾಧಿಯೆಂದು ಸಾರಿತು. ಉತಾರಗಳಿಗೆ ಅವರಲ್ಲಿ ಕೊರತೆಯಿತ್ತೆ? ನ್ಯೂಯಾರ್ಕಿನ ಮ್ಯಾನ್‌ಹಟನ್ ಕೋರ್ಟುಗಳಲ್ಲಿ 1961ರಿಂದ ಒಂದು ಪ್ರಯೋಗ ಮಾಡಿ ನೋಡಿದರು. ಆರೋಪಿಗೆ ಕೆಲಸವುಂಟೆ, ಮನೆಯುಂಟೆ, ಊರಿನಲ್ಲಿ ಸಂಬಂಧಿಕರುಂಟೆ ಎಂದು ವಿಚಾರಿಸಿ, ಹಣ ಕೇಳದೆ ಬರೀ ಮಾತಿನ ಮೇಲೆ ಬಿಟ್ಟರು. ಬಹುತೇಕ ಎಲ್ಲರೂ ಹೇಳಿದ ದಿನ ಬಂದರು. ಅದೇ ಅಮೆರಿಕೆಯ ಇಲಿನಾಯ್ ಸಂಸ್ಥಾನ 2023ರಲ್ಲಿ ಹಣದ ಜಾಮೀನನ್ನೇ ಕಿತ್ತೊಗೆದಿದೆ. ನಮ್ಮ ದೇಶದ ಉದಾಹರಣೆ ಬೇಕೆ? 1917ರ ಏಪ್ರಿಲ್ 18ರಂದು ಚಂಪಾರಣ್ಯದ ಮೋತಿಹಾರಿಯಲ್ಲಿ ಮ್ಯಾಜಿಸ್ಟ್ರೇಟರು ಗಾಂಧೀಜಿಯವರನ್ನು ಜಾಮೀನು ಕೇಳಿದರು. ಕೊಡುವವರಿಲ್ಲ ಎಂದರು ಗಾಂಧೀಜಿ. ಬ್ರಿಟಿಷರ ಆ ಮ್ಯಾಜಿಸ್ಟ್ರೇಟರು ಜಾಮೀನಿಲ್ಲದೆಯೇ ಬಿಟ್ಟರು. ಪರದೇಶಿ ಸರಕಾರದ ಅಧಿಕಾರಿ ನಂಬಿದಷ್ಟಾದರೂ ನಮ್ಮ ಸ್ವರಾಜ್ಯದ ಕೋರ್ಟು ನಮ್ಮ ಹಮಾಲಿಯನ್ನು ನಂಬಬಾರದೆ?

2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನರಿದ್ದರು. ಅವರಲ್ಲಿ 4,34,302 ಜನ ಇನ್ನೂ ವಿಚಾರಣೆ ಮುಗಿಯದವರು. ನಾಲ್ಕರಲ್ಲಿ ಮೂವರ ಮೇಲೆ ತಪ್ಪು ಸಾಬೀತಾಗಿಲ್ಲ. ನಮ್ಮ ಭಾಗದವರನ್ನು ಹಿಂಡಲಗಾ ಜೈಲಿಗೆ ಒಯ್ದರೆ ಅಥಣಿಯಿಂದ ಅದು ನೂರು ಕಿಲೋಮೀಟರಿಗಿಂತ ದೂರ. ಒಮ್ಮೆ ಮುಖ ನೋಡಿ ಬರಬೇಕೆಂದರೆ ಹೆಣ್ಣುಮಕ್ಕಳ ಒಂದು ದಿನದ ಕೂಲಿ ಹೋಯಿತು, ಮೇಲೆ ಊಟದ ಖರ್ಚು, ಜೊತೆಗೆ ಬಂದವರ ಖರ್ಚು.

ಇನ್ನು ಕಾನೂನು ನಮ್ಮ ಕೈಗೆ ಏನನ್ನು ಕೊಟ್ಟಿದೆ ಎಂಬುದನ್ನು ತಿಳಿದಿರಬೇಕು. ತಿಳಿಯದಿರುವುದರಿಂದಲೇ ದಲ್ಲಾಳಿಗಳ ಹೊಟ್ಟೆ ತುಂಬುತ್ತದೆ.

ಅಪರಾಧಗಳಲ್ಲಿ ಎರಡು ಬಗೆ. ಜಾಮೀನು ಕೊಡತಕ್ಕವು ಒಂದು ಬಗೆ. ಅಲ್ಲಿ ಜಾಮೀನು ಹಕ್ಕು. ಫೌಜದಾರರೇ ಠಾಣೆಯಲ್ಲಿ ಬಿಡಬೇಕು, ಅವರ ದಯೆಯ ಪ್ರಶ್ನೆಯಿಲ್ಲ. ಅಂಗಡಿಕಾರರನ್ನು ಕಾಡುವ ಚೆಕ್ ಬೌನ್ಸ್ ಪ್ರಕರಣ ಈ ಬಗೆಯದು. ಇಂಥ ಪ್ರಕರಣದಲ್ಲಿ ಒಂದು ವಾರದೊಳಗೆ ಜಾಮೀನುದಾರನನ್ನು ತರಲಾಗದಿದ್ದರೆ ಆತನನ್ನು ಬಡವನೆಂದೇ ತಿಳಿದು ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕೆಂದು 478ನೆಯ ಕಲಮು ಹೇಳುತ್ತದೆ. ಹಳೆಯ ಸಂಹಿತೆಯಲ್ಲಿಯೂ 2006ರಿಂದ ಇದು ಇತ್ತು. ಎರಡನೆಯ ಬಗೆಗೆ 'ಜಾಮೀನುರಹಿತ' ಎಂದು ಹೆಸರಿಟ್ಟಿದ್ದಾರೆ. ಆ ಹೆಸರೇ ಜನರನ್ನು ಹೆದರಿಸುತ್ತದೆ. ಜಾಮೀನು ಸಿಗುವುದೇ ಇಲ್ಲವೆಂದು ಅದರ ಅರ್ಥವಲ್ಲ. ಕೊಡುವುದು ಬಿಡುವುದು ಕೋರ್ಟಿನ ವಿವೇಚನೆ, ಅಷ್ಟೆ.

ಮುಚ್ಚಳಿಕೆಯ ಮೊತ್ತ ಪ್ರಕರಣದ ಸ್ಥಿತಿಗತಿಗೆ ತಕ್ಕಂತಿರಬೇಕು, ಅತಿಯಾಗಿರಬಾರದು ಎಂದು 484ನೆಯ ಕಲಮಿನಲ್ಲಿದೆ. ಅತಿಯಾಗಿದ್ದರೆ ಇಳಿಸುವ ಅಧಿಕಾರ ಸೆಶನ್ಸ್ ಕೋರ್ಟಿಗೂ ಹೈಕೋರ್ಟಿಗೂ ಇದೆ. ಪೂರೈಸಲಾಗದ ಷರತ್ತು ಹಾಕುವುದು ಜಾಮೀನಿನ ಉದ್ದೇಶವನ್ನೇ ಕೆಡಿಸಿದಂತೆ ಎಂದು 2022ರ ಸತೇಂದರ್ ಕುಮಾರ್ ಅಂತಿಲ್ ತೀರ್ಪಿನಲ್ಲಿಯೂ ಸ್ಪಷ್ಟವಾಗಿ ಬಂದಿದೆ. 2023ರ ಆಜ್ಞೆಯ ಪ್ರಕಾರ, ಜಾಮೀನಾಗಿ ಏಳು ದಿನದೊಳಗೆ ಬಿಡುಗಡೆಯಾಗದವನ ಹೆಸರನ್ನು ಜೈಲಿನ ಅಧಿಕಾರಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಾದರೂ ಮುಚ್ಚಳಿಕೆ ಬರದಿದ್ದರೆ ಕೋರ್ಟು ತಾನಾಗಿಯೇ ಷರತ್ತನ್ನು ಸಡಿಲಿಸಬೇಕೆ ಎಂದು ನೋಡಬಹುದು. ನಮ್ಮ ಹಮಾಲಿಗೆ ಇಪ್ಪತ್ತಮೂರು ದಿನವಾಯಿತು. ಏಳನೆಯ ದಿನ ಯಾರು ಯಾರಿಗೆ ತಿಳಿಸಿದರು? ನಮಗಂತೂ ಯಾರೂ ಹೇಳಲಿಲ್ಲ. ನಮಗೂ ಆಗ ಕೇಳುವಷ್ಟು ತಿಳಿವಳಿಕೆ ಇರಲಿಲ್ಲವೆಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇವೆ.

ತನಿಖೆ ಮುಗಿಸಿ 60 ದಿನದಲ್ಲಿ, ದೊಡ್ಡ ಅಪರಾಧವಾದರೆ 90 ದಿನದಲ್ಲಿ, ಪೋಲೀಸರು ಆರೋಪಪಟ್ಟಿ ಸಲ್ಲಿಸದಿದ್ದರೆ ಜಾಮೀನು ಹಕ್ಕಾಗುತ್ತದೆ. ಆದರೆ ಕೇಳಬೇಕು; ಕೇಳುವ ಮುನ್ನ ಪಟ್ಟಿ ಬಂದುಬಿಟ್ಟರೆ ಹಕ್ಕು ಹೋಯಿತು. ವಿಚಾರಣೆ ಮುಗಿಯದೆ ಗರಿಷ್ಠ ಶಿಕ್ಷೆಯ ಅರ್ಧ ಕಳೆದವನನ್ನು, ಹಿಂದೆಂದೂ ಶಿಕ್ಷೆಯಾಗದವನಾದರೆ ಮೂರನೆಯ ಒಂದು ಪಾಲು ಕಳೆದವನನ್ನು ಬಿಡಬೇಕೆಂದು 479ನೆಯ ಕಲಮಿದೆ. ಮರಣದಂಡನೆ, ಜೀವಾವಧಿಯ ಅಪರಾಧಗಳಿಗೆ ಇದು ಅನ್ವಯಿಸುವುದಿಲ್ಲ. ಬೇರೆ ಪ್ರಕರಣಗಳೂ ಬಾಕಿಯಿದ್ದವರಿಗೂ ಇಲ್ಲ. ಈ ಅರ್ಜಿಯನ್ನು ಕೋರ್ಟಿಗೆ ಕಳಿಸುವುದು ಜೈಲಿನ ಅಧಿಕಾರಿಯ ಕರ್ತವ್ಯವೆಂದು ಕಾನೂನಿನಲ್ಲಿಯೇ ಬರೆದಿದೆ.

ಸೆರೆಯಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ಪುಕ್ಕಟೆ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಸೇವಾ ಅಧಿನಿಯಮವಿದೆ. ತಾಲೂಕು ಕೋರ್ಟಿನ ಸಮಿತಿಯಲ್ಲಿ ಒಂದು ಅರ್ಜಿ ಸಾಕು. 15100 ಎಂಬ ನಂಬರಿಗೆ ಫೋನು ಮಾಡಿದರೂ ಸರಿ. ಬಡ ಕೈದಿಗಳಿಗೆ ನೆರವಿನ ಯೋಜನೆಯನ್ನು ಕೇಂದ್ರ ಸರಕಾರ 2023ರಲ್ಲಿ ತಂದು, ಜಾಮೀನಿಗಾಗಿ ಒಬ್ಬನಿಗೆ 40,000 ರೂಪಾಯಿಯವರೆಗೆ ಕೊಡುವೆನೆಂದು ಸಾರಿತು. ಕೊಡಲಿ, ಬೇಡವೆನ್ನುವುದಿಲ್ಲ. ಆದರೆ ಸ್ವಂತ ಮುಚ್ಚಳಿಕೆಯ ಮೇಲೆ ಬಿಟ್ಟರೆ ಬೊಕ್ಕಸದಿಂದ ಒಂದು ರೂಪಾಯಿಯೂ ಬೇಕಾಗುವುದಿಲ್ಲವಲ್ಲ!

ಸಹಿ ಹಾಕಲು ಹೆದರುವ ಅಂಗಡಿಕಾರ ಬಂಧುಗಳಿಗೆ ಒಂದೆರಡು ಮಾತು. ಜಾಮೀನುದಾರನು ಅಪರಾಧಕ್ಕೆ ಹೊಣೆಯಲ್ಲ, ಹಾಜರಿಗೆ ಹೊಣೆ. ಆರೋಪಿಗೆ ಶಿಕ್ಷೆಯಾದರೂ ನಿಮ್ಮ ಕಾಸು ಹೋಗುವುದಿಲ್ಲ. ಆತ ತಪ್ಪಿಸಿಕೊಂಡರೂ ಮೊದಲು ನಿಮಗೆ ನೋಟೀಸು ಬರಬೇಕು, ನಿಮ್ಮ ಕಾರಣ ಕೇಳಬೇಕು. ದಂಡದಲ್ಲಿ ಒಂದು ಭಾಗವನ್ನು ಮಾಫಿ ಮಾಡುವ ಅಧಿಕಾರವೂ ಕೋರ್ಟಿಗಿದೆ. ನಂಬಿಕೆ ಹೋದರೆ ನನ್ನನ್ನು ಬಿಡುಗಡೆ ಮಾಡಿರೆಂದು ಯಾವಾಗ ಬೇಕಾದರೂ ಅರ್ಜಿ ಕೊಡಬಹುದು. ಆದರೆ ಎಷ್ಟು ಜನಕ್ಕೆ ಈಗಾಗಲೇ ಜಾಮೀನು ನಿಂತಿದ್ದೀರಿ ಎಂಬುದನ್ನು ಸತ್ಯವಾಗಿ ಬರೆದುಕೊಡಬೇಕು. ಬಾಡಿಗೆ ಜಾಮೀನುದಾರ ಸುಳ್ಳು ಬರೆಯುವುದು ಇಲ್ಲಿಯೇ. ಅವನ ಸುಳ್ಳು ಹೊರಬಿದ್ದ ದಿನ ವಾರಂಟು ಬರುವುದು, ಐದು ಸಾವಿರ ಕೊಟ್ಟು ಹೊರಬಂದ ನಮ್ಮವನ ಮನೆಗೆ.

ನಮ್ಮ ಕಾರ್ಮಿಕ ಗೆಳೆಯರಿಗೂ ಒಂದು ಕಟುಮಾತು ಹೇಳದೆ ವಿಧಿಯಿಲ್ಲ. ಸ್ವಂತ ಮಾತಿಗೆ ಬೆಲೆ ಕೇಳುವವರು ತಾರೀಖು ತಪ್ಪಿಸಬಾರದು. ಪಾಳಿ ಇತ್ತು, ಬಸ್ಸು ತಪ್ಪಿತು ಎಂದರೆ ಕೋರ್ಟು ಕೇಳದು. ಬರಲಾಗದ ದಿನ ವಕೀಲರ ಮೂಲಕ ಗೈರುಹಾಜರಿ ಮನ್ನಿಸುವ ಅರ್ಜಿ ಹಾಕಿಸಿರಿ. ಸುಮ್ಮನೆ ಉಳಿದರೆ ಮುಚ್ಚಳಿಕೆ ಜಪ್ತು, ವಾರಂಟು. ಅದೇ ಒಂದು ಹೊಸ ಅಪರಾಧವಾಗಿ ಒಂದು ವರ್ಷದವರೆಗೆ ಶಿಕ್ಷೆಯಾದೀತು. ಒಬ್ಬ ತಪ್ಪಿಸಿದರೆ ಮುಂದಿನ ಹತ್ತು ಜನರಿಗೆ ಉತಾರ ಕೇಳಲು ಅವರಿಗೆ ನೆಪ ಸಿಕ್ಕಿತು.

ವಕೀಲ ಮಿತ್ರರಲ್ಲಿ ನಮ್ಮ ಕೇಳಿಕೆ ಇಷ್ಟು: ಜಾಮೀನಿನ ಅರ್ಜಿಯಲ್ಲಿಯೇ ಸ್ವಂತ ಮುಚ್ಚಳಿಕೆಯನ್ನು ಕೇಳಿರಿ. ಗಡಿಯಾಚೆಯ ಉತಾರವನ್ನು ತಿರಸ್ಕರಿಸಿದರೆ ಕಾರಣವನ್ನು ಲಿಖಿತದಲ್ಲಿ ಕೊಡಿಸಿರಿ. ಗುಮಾಸ್ತರ ಬಾಯಿಮಾತಿನ ವಿರುದ್ಧ ಮೇಲಿನ ಕೋರ್ಟಿಗೆ ಹೋಗಲಾಗದು, ಬರೆದ ಆಜ್ಞೆಯ ವಿರುದ್ಧ ಹೋಗಬಹುದು. ಸಾತ್‌ಬಾರಾ ಉತಾರವಾಗಲಿ ಪಹಣಿಯಾಗಲಿ ಈಗ ಗಣಕಯಂತ್ರದಲ್ಲಿ ಎಲ್ಲಿ ಬೇಕಾದರೂ ತೆಗೆದು ನೋಡಲು ಬರುತ್ತದೆ. ಖರೆ ಸುಳ್ಳು ಪರೀಕ್ಷಿಸುವುದು ಅಸಾಧ್ಯವೆಂಬ ಹಳೆಯ ನೆಪವೂ ಉಳಿದಿಲ್ಲ.

ಆ ಹೆಣ್ಣುಮಗಳಿಗೆ ನಾವು ಕೊಡಬೇಕಾದ ಉತ್ತರ ಇದು: ತಂಗೀ, ನಿನ್ನ ಅಣ್ಣನ ಹೊಲ ಹೊಲವೇ. ಹೊಲ ಇಲ್ಲದಿದ್ದರೂ ನಿನ್ನ ಗಂಡನ ಮಾತು ಮಾತೇ ಆಗಬೇಕಿತ್ತು. ನಾವು ಆ ದಿನ ಮೇಜಿನ ಮುಂದೆ ಸುಮ್ಮನೆ ನಿಂತದ್ದು ತಪ್ಪು.

ಜಾಮೀನು ಮಂಜೂರಾಗಿಯೂ ಒಳಗೆ ಉಳಿದವರ ಪಟ್ಟಿಯನ್ನು ಐದೂ ತಾಲೂಕುಗಳಿಂದ ಕೂಡಿಸಿ ಜಿಲ್ಲಾ ಪ್ರಾಧಿಕಾರದ ಮುಂದೆ ಇಡಲು ನಿಶ್ಚಯಿಸಿದ್ದೇವೆ. ಮನೆಯವರು ಸಂತೆಯ ದಿನ ಆಯಾ ಊರಿನ ನಮ್ಮ ಕಚೇರಿಗೆ ಬರಬೇಕು. ಆರೋಪಿಯ ಹೆಸರು, ಠಾಣೆ, ಪ್ರಕರಣದ ನಂಬರು, ಜಾಮೀನಿನ ಆಜ್ಞೆಯ ತಾರೀಖು, ಕೇಳಿದ ಮೊತ್ತ, ತಿರಸ್ಕರಿಸಿದ ಉತಾರದ ಪ್ರತಿ, ಇಷ್ಟನ್ನು ತರಬೇಕು. ಬರೆಯಲು ಬಾರದವರು ಹಾಗೆಯೇ ಬರಲಿ, ನಾವು ಬರೆದುಕೊಳ್ಳುತ್ತೇವೆ.